ನೇಪಲ್ಸ್‌ಗೆ ನಾಲ್ಕು ದಿನ: ಹೋಗುವ ಮುಂಚೆ ತಿಳಿದಿರಬೇಕಾದದ್ದು

ಇಟಲಿಗೆ ಹೋಗುವ ನಮ್ಮವರ ಪಟ್ಟಿಯಲ್ಲಿ ನೇಪಲ್ಸ್ ಬಹುತೇಕ ಒಂದು ಹಗಲಿನ ಊರು. ಬೆಳಿಗ್ಗೆ ರೋಮ್‌ನಿಂದ ರೈಲು, ಮಧ್ಯಾಹ್ನ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆ ಊರು ಪೊಂಪೇಯಿ, ಸಂಜೆ ಒಂದು ಪಿಜ್ಜಾ, ರಾತ್ರಿ ಮತ್ತೆ ರೋಮ್. ಹಾಗೆ ಹೋಗಿ ಬಂದವರಿಗೆ ಕೊನೆಗೆ ನೆನಪಿರುವುದು ರೈಲು ನಿಲ್ದಾಣದ ಗದ್ದಲ, ನೆತ್ತಿ ಸುಡುವ ಬಿಸಿಲು ಮತ್ತು ಕಾಲುನೋವು. ಈ ಊರಿಗೆ ಮೂರು ರಾತ್ರಿ, ನಾಲ್ಕು ಹಗಲು ಕೊಡಿ. ಪೊಂಪೇಯಿ ಟಿಕೆಟ್, ಸಾನ್‌ಸೆವೆರೊ ಚಾಪೆಲ್ ಟಿಕೆಟ್, ಬಂದುಹೋಗುವ ವೇಗದ ರೈಲು, ಈ ಮೂರನ್ನು ಮನೆಯಲ್ಲೇ ಕೂತು ಕಾದಿರಿಸಿ. ಉಳಿದದ್ದನ್ನು ಊರಿಗೇ ಬಿಡಿ. ನಿಮಿಷ ನಿಮಿಷಕ್ಕೂ ಲೆಕ್ಕ ಹಾಕಿಕೊಂಡು ಹೋದರೆ ಈ ಊರು ಕೈಗೆ ಸಿಗುವುದಿಲ್ಲ.

ಯಾವಾಗ ಹೋಗಬೇಕು

ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ವರೆಗೆ. ನಮ್ಮ ಬೇಸಿಗೆ ರಜೆಯ ಮೊದಲ ಅರ್ಧ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 30 ಡಿಗ್ರಿ ದಾಟುತ್ತದೆ, ಪೊಂಪೇಯಿಯಲ್ಲಿ ನೆರಳೆಂಬುದೇ ಇಲ್ಲ. ಆಗಸ್ಟ್ 15 ಇಟಲಿಗೆ ದೊಡ್ಡ ರಜೆ. ಅದರ ಹಿಂದುಮುಂದಿನ ವಾರಗಳಲ್ಲಿ ಮನೆಯವರೇ ನಡೆಸುವ ಸಣ್ಣ ಹೋಟೆಲು, ಅಂಗಡಿಗಳು ಬಾಗಿಲು ಹಾಕಿಕೊಳ್ಳುತ್ತವೆ. ಮಳೆ ಹೆಚ್ಚು ಬೀಳುವುದು ನವೆಂಬರ್ ಸುತ್ತ. ಮಳೆಗಿಂತಲೂ ಆಗಿನ ತೊಂದರೆಯೆಂದರೆ ಗಾಳಿ ಎದ್ದು ದ್ವೀಪದ ದೋಣಿಗಳು ನಿಲ್ಲುವುದು.

ವಾರದ ಲೆಕ್ಕವೂ ಇದೆ. ಪುರಾತತ್ವ ಮ್ಯೂಸಿಯಂ, ಸಾನ್‌ಸೆವೆರೊ ಚಾಪೆಲ್ ಎರಡಕ್ಕೂ ಮಂಗಳವಾರ ರಜೆ. ಆದ್ದರಿಂದ ಮಂಗಳವಾರವನ್ನು ಪೊಂಪೇಯಿಗೋ ದ್ವೀಪಕ್ಕೋ ಇಟ್ಟುಕೊಳ್ಳಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ ಮತ್ತು ಪುರಾತತ್ವ ತಾಣಗಳಿಗೆ ಪ್ರವೇಶ ಉಚಿತ. ಉಳಿಯುವ ಹಣಕ್ಕಿಂತ ಆ ದಿನದ ನೂಕುನುಗ್ಗಲು ದುಬಾರಿ.

ವೀಸಾ

ಬೇಕಾದದ್ದು ಷೆಂಗನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಒಂದೇ ವೀಸಾ. ಒಂದೇ ಪ್ರವಾಸದಲ್ಲಿ ಎರಡು ಮೂರು ದೇಶ ನೋಡುವವರು ಯಾವ ದೇಶದಲ್ಲಿ ಹೆಚ್ಚು ರಾತ್ರಿ ಕಳೆಯುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು. ರಾತ್ರಿಗಳು ಸಮನಾಗಿದ್ದರೆ ಮೊದಲು ಕಾಲಿಡುವ ದೇಶಕ್ಕೆ. ಯಾವುದೋ ದೇಶದ ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಅಲ್ಲಿ ಅರ್ಜಿ ಹಾಕಿದರೆ ಹೋಟೆಲ್ ಬುಕಿಂಗ್ ನೋಡಿದ ಕೂಡಲೇ ಅಧಿಕಾರಿಗೆ ಲೆಕ್ಕ ತಾಳೆಯಾಗುವುದಿಲ್ಲ. ಇಟಲಿಯ ಅರ್ಜಿಯನ್ನು ಬೆಂಗಳೂರಿನ ವೀಸಾ ಕೇಂದ್ರದಲ್ಲೇ ಕೊಡಬಹುದು. ಹೊರಡುವ ದಿನಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಕನಿಷ್ಠ 15 ದಿನ ಮುಂಚೆ ಎಂಬುದು ನಿಯಮ, ಆದರೆ ಬೇಸಿಗೆಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ, ಹಾಗಾಗಿ ಎರಡು ಮೂರು ತಿಂಗಳು ಮೊದಲೇ ಕೂರಿ. ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 11 ವರ್ಷದ ಮಕ್ಕಳಿಗೆ 45. ಇದರ ಮೇಲೆ ಕೇಂದ್ರದ ಸೇವಾಶುಲ್ಕ ಬೇರೆ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವಂಥದ್ದಿರಬೇಕು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಮರಳುವ ದಿನದ ನಂತರವೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಖಾಲಿ ಹಾಳೆಗಳಿರಬೇಕು.

ಊರು ತಲುಪುವುದು

ಬೆಂಗಳೂರಿನಿಂದ ಬರುವವರು ನಡುವೆ ಎಲ್ಲಾದರೂ ವಿಮಾನ ಬದಲಿಸಿ ರೋಮ್‌ಗೆ ಬಂದು, ಅಲ್ಲಿಂದ ರೈಲು ಹಿಡಿಯುವುದು ಸುಲಭ. ರೋಮ್ ತೆರ್ಮಿನಿ ನಿಲ್ದಾಣದಿಂದ ವೇಗದ ರೈಲಿಗೆ ಒಂದು ಗಂಟೆ ಹತ್ತು ನಿಮಿಷ. ಟಿಕೆಟ್ ಮಾಡುವಾಗ ಎಚ್ಚರ: ನೇಪಲ್ಸ್ ಹೆಸರಿನಲ್ಲಿ ಎರಡು ದೊಡ್ಡ ನಿಲ್ದಾಣಗಳಿವೆ. ನಿಮಗೆ ಬೇಕಾದದ್ದು ‘ನಾಪೊಲಿ ಚೆಂತ್ರಾಲೆ’. ‘ನಾಪೊಲಿ ಆಫ್ರಗೋಲಾ’ ಊರ ಹೊರಗಿದೆ. ಅಲ್ಲಿ ಇಳಿದರೆ ಊರೊಳಕ್ಕೆ ಬರಲು ಮತ್ತೆ ಪರದಾಡಬೇಕು. ವೇಗದ ರೈಲಿನ ಅಗ್ಗದ ಟಿಕೆಟ್ ಅದೇ ರೈಲಿಗೆ ಮಾತ್ರ ಸಲ್ಲುತ್ತದೆ, ತಪ್ಪಿದರೆ ಹಣ ಹೋಯಿತು. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಷೆಂಗನ್ ಗಡಿಯಲ್ಲಿ ಈಗ ಬೆರಳಚ್ಚು, ಫೋಟೊ ತೆಗೆಯುವ ಹೊಸ ವ್ಯವಸ್ಥೆ ಬಂದಿರುವುದರಿಂದ ಸಾಲು ನಿಧಾನ.

ನೇಪಲ್ಸ್‌ನ ಕಾಪೊದಿಕೀನೊ ವಿಮಾನ ನಿಲ್ದಾಣಕ್ಕೇ ಬಂದಿಳಿದವರಿಗೆ ‘ಆಲಿಬುಸ್’ ಎಂಬ ಬಸ್ಸಿದೆ. 5 ಯೂರೋ ಕೊಟ್ಟರೆ ಗಾರಿಬಾಲ್ದಿ ಚೌಕದ ರೈಲು ನಿಲ್ದಾಣಕ್ಕೂ (ನಾಪೊಲಿ ಚೆಂತ್ರಾಲೆ ಇದೇ) ಅಲ್ಲಿಂದ ಬಂದರಿಗೂ ಬಿಡುತ್ತದೆ. ಟ್ಯಾಕ್ಸಿ ಹತ್ತುವುದಾದರೆ ‘ತರೀಫಾ ಪ್ರೆದೆತೆರ್ಮಿನಾತಾ’ ಎಂದು ಹತ್ತುವ ಮೊದಲೇ ಹೇಳಬೇಕು. ಅದು ನಗರಾಡಳಿತ ಗೊತ್ತುಮಾಡಿದ ನಿಗದಿತ ದರ. ಗಾಡಿ ಹೊರಟ ಮೇಲೆ ಕೇಳಿದರೆ ಮೀಟರ್ ತೋರಿಸಿದ್ದನ್ನೇ ಕೊಡಬೇಕಾಗುತ್ತದೆ.

ಎಲ್ಲಿ ತಂಗಬೇಕು

ಮೊದಲ ಸಲ ಹೋಗುವವರು ದಾಂತೆ, ತೊಲೇದೊ, ಮುನಿಚೀಪಿಯೊ ಈ ಮೂರು ಮೆಟ್ರೋ ನಿಲ್ದಾಣಗಳ ಹತ್ತು ನಿಮಿಷದ ನಡಿಗೆಯೊಳಗೆ ರೂಮು ಹಿಡಿಯಿರಿ. ಹಳೆ ಊರು, ಮ್ಯೂಸಿಯಂ, ಬಂದರು ಎಲ್ಲ ಕಾಲ್ನಡಿಗೆಗೆ ಸಿಗುತ್ತವೆ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಗುಡ್ಡದ ಮೇಲಿನ ವೊಮೆರೊ ಬಡಾವಣೆ ವಾಸಿ. ರಸ್ತೆಗಳು ಅಗಲ, ರಾತ್ರಿ ಸದ್ದು ಕಡಿಮೆ, ಕೆಳಗಿಳಿಯಲು ಫುನಿಕೊಲಾರೆ ಎಂಬ ಹಗ್ಗದ ರೈಲು ಇದೆ. ಗಾರಿಬಾಲ್ದಿ ಸುತ್ತ ರೂಮು ಅಗ್ಗ, ಆದರೆ ರಾತ್ರಿ ಹತ್ತರ ಮೇಲೆ ಹೆಂಗಸರು ಮಕ್ಕಳೊಂದಿಗೆ ನಡೆದುಬರಲು ಹಿತವಾದ ಜಾಗವಲ್ಲ.

ಬುಕ್ ಮಾಡುವಾಗ ಎರಡು ಪ್ರಶ್ನೆ ಕೇಳಲೇಬೇಕು. ಒಂದು, ಎಷ್ಟನೇ ಮಹಡಿ, ಲಿಫ್ಟ್ ಇದೆಯೇ? ಹಳೆ ಕಟ್ಟಡಗಳ ಒಂದೊಂದು ಮಹಡಿಯೂ ಎತ್ತರ, ಮೂರನೇ ಮಹಡಿಯೆಂದರೆ ನಮ್ಮ ಐದನೆಯದರ ಲೆಕ್ಕ. ಕೆಲವು ಕಡೆ ಲಿಫ್ಟಿಗೆ ನಾಣ್ಯ ಹಾಕಿದರೇ ಮೇಲೇಳುವುದು, ಹಾಗಾಗಿ ಚಿಲ್ಲರೆ ಕೈಯಲ್ಲಿರಲಿ. ಎರಡು, ಕೋಣೆಯ ಬಾಗಿಲು ನೇರ ಬೀದಿಗೆ ತೆರೆಯುತ್ತದೆಯೇ? ‘ಬಾಸ್ಸೊ’ ಎನ್ನುವ ಇಂಥ ನೆಲಮಟ್ಟದ ಕೋಣೆಗಳು ಫೋಟೊದಲ್ಲಿ ಚೆಂದ. ಒಳಗೆ ಬೆಳಕು ಕಡಿಮೆ, ಹಾಸಿಗೆಯಿಂದ ನಾಲ್ಕಡಿ ದೂರದಲ್ಲಿ ಸ್ಕೂಟರ್ ಹೋಗುತ್ತಿರುತ್ತದೆ. ಪ್ರತಿಯೊಬ್ಬರಿಗೂ ರಾತ್ರಿಗಿಷ್ಟು ಎಂಬ ನಗರ ತೆರಿಗೆಯನ್ನು ಹೋಟೆಲಿನವರು ಬೇರೆಯಾಗಿ ಕೇಳುತ್ತಾರೆ. ಅದು ಮೋಸವಲ್ಲ, ಕಾನೂನಿನ ತೆರಿಗೆ.

ಅಲ್ಲಿನ ವಿದ್ಯುತ್ತೂ ನಮ್ಮಂತೆ 230 ವೋಲ್ಟ್. ಮೊಬೈಲ್ ಚಾರ್ಜರಿನ ತೆಳು ಎರಡು ಪಿನ್ ನೇರ ಹೋಗುತ್ತದೆ. ಮೂರು ಪಿನ್ನಿನ ಲ್ಯಾಪ್‌ಟಾಪ್ ಪ್ಲಗ್, ಪುಟ್ಟ ರೈಸ್ ಕುಕ್ಕರ್ ಒಯ್ಯುವವರಿಗೆ ಅಡಾಪ್ಟರ್ ಬೇಕು.

ಊರೊಳಗೆ ಓಡಾಟ

ಕಾರು ಬಾಡಿಗೆಗೆ ಹಿಡಿಯಬೇಡಿ. ಹಳೆ ಊರಿನ ಬಹುಭಾಗಕ್ಕೆ ಹೊರಗಿನ ವಾಹನಗಳ ಪ್ರವೇಶಕ್ಕೆ ಸಮಯದ ನಿರ್ಬಂಧವಿದೆ. ಕ್ಯಾಮೆರಾ ನಂಬರ್ ಹಿಡಿಯುತ್ತದೆ, ನೀವು ಊರಿಗೆ ಮರಳಿದ ಎಷ್ಟೋ ದಿನಕ್ಕೆ ದಂಡದ ನೋಟಿಸು ಬರುತ್ತದೆ. ಮೆಟ್ರೋ ಒಂದನೇ ಮಾರ್ಗ ಮತ್ತು ನಿಮ್ಮ ಕಾಲು, ಇವೆರಡರಲ್ಲೇ ಊರು ಮುಗಿಯುತ್ತದೆ. ಮೆಟ್ರೋ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ಮುಟ್ಟಿಸಿದರೆ ಸಾಕು. ಒಬ್ಬರಿಗೆ ಒಂದೊಂದು ಕಾರ್ಡ್ ಎಂಬುದು ನೆನಪಿರಲಿ. ತೊಲೇದೊ ನಿಲ್ದಾಣದಲ್ಲಿ ಅವಸರ ಮಾಡಬೇಡಿ. 2012ರಲ್ಲಿ ತೆರೆದ ಇದರ ಎಸ್ಕಲೇಟರ್ ಸುಮಾರು 50 ಮೀಟರ್ ಆಳಕ್ಕೆ ಇಳಿಯುತ್ತದೆ, ಸುತ್ತಲಿನ ಮೊಸಾಯಿಕ್ ಇಳಿದಂತೆಲ್ಲ ಸಮುದ್ರದ ನೀಲಿಗೆ ತಿರುಗುತ್ತದೆ. ಕಾಗದದ ಟಿಕೆಟ್ ಕೊಂಡಾಗ ಮಾತ್ರ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ಮುದ್ರೆಯಿಲ್ಲದ ಟಿಕೆಟ್ ಇದ್ದರೂ ಇಲ್ಲದ ಲೆಕ್ಕ, ದಂಡ ತಪ್ಪದು.

ರಸ್ತೆ ದಾಟುವುದು ಮೆಜೆಸ್ಟಿಕ್‌ನಲ್ಲಿ ದಾಟಿ ಅಭ್ಯಾಸವಿದ್ದವರಿಗೆ ಕಷ್ಟವಲ್ಲ. ಸ್ಕೂಟರಿನವರು ನಿಮ್ಮ ನಡಿಗೆಯ ವೇಗ ಅಂದಾಜು ಮಾಡಿ ಪಕ್ಕದಲ್ಲಿ ಸರಿದುಹೋಗುತ್ತಾರೆ. ಒಂದೇ ವೇಗದಲ್ಲಿ, ಅವರ ಕಡೆ ನೋಡುತ್ತ ನಡೆಯಿರಿ. ನಡುವೆ ನಿಂತರೆ ಅಥವಾ ಹಿಂದೆ ಹೆಜ್ಜೆ ಇಟ್ಟರೆ ಅವರ ಅಂದಾಜು ತಪ್ಪುತ್ತದೆ. ವಾಹನ ಬಲಗಡೆ ಓಡುವ ದೇಶ, ಮೊದಲು ಎಡಕ್ಕೆ ನೋಡಿ.

ಕಳ್ಳತನದ ಮಾತಿಗೆ ಬಂದರೆ, ಭಯಪಡುವಂಥದ್ದಿಲ್ಲ, ಎಚ್ಚರ ಬೇಕು. ಜೇಬುಗಳ್ಳತನ ಹೆಚ್ಚು ಆಗುವುದು ರೈಲಿನ ಬಾಗಿಲಲ್ಲಿ, ಹತ್ತಿ ಇಳಿಯುವ ನೂಕಾಟದಲ್ಲಿ. ಕೈಚೀಲ ಗೋಡೆಯ ಬದಿಗಿರಲಿ, ರಸ್ತೆಯ ಬದಿಗೆ ಬೇಡ. ಚಿನ್ನದ ಸರ ಊರಲ್ಲೇ ಇರಲಿ. ಪಾಸ್‌ಪೋರ್ಟ್ ಕಳೆದರೆ ಮೊದಲು ಪೊಲೀಸರಲ್ಲಿ ‘ದೆನುಂಚಾ’, ಅಂದರೆ ದೂರಿನ ಪ್ರತಿ ತೆಗೆದುಕೊಳ್ಳಿ. ಅದಿಲ್ಲದೆ ರೋಮ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಕೆಲಸ ಮುಂದಕ್ಕೆ ಹೋಗದು. ತುರ್ತು ಕರೆಗೆ 112.

ಪೊಂಪೇಯಿ: ಒಂದು ಪೂರ್ತಿ ದಿನ

2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರಿಗಷ್ಟೇ ಪ್ರವೇಶ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳುತ್ತಾರೆ. ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ತುಂಬಿ. ಅಧಿಕೃತ ತಾಣದಲ್ಲೇ ಕೊಳ್ಳಿ, ಬೆಲೆ 20 ಯೂರೋ ಆಸುಪಾಸು. ಊರಗೋಡೆಯ ಹೊರಗಿರುವ ‘ವಿಲ್ಲಾ ದೇಯ್ ಮಿಸ್ತೇರಿ’ಯೂ ಸೇರಿದ ಟಿಕೆಟ್ ಸ್ವಲ್ಪ ಹೆಚ್ಚು, ಅದನ್ನೇ ತೆಗೆದುಕೊಳ್ಳಿ. ಅಲ್ಲಿನ ಕೆಂಪು ಭಿತ್ತಿಯ ಚಿತ್ರಗಳನ್ನು ಬಿಟ್ಟು ಬಂದರೆ ಊರಿಗೆ ಬಂದ ಮೇಲೆ ಕೊರಗುತ್ತೀರಿ.

ಹೋಗುವುದು ಚಿರ್ಕುಮ್‌ವೆಸೂವಿಯಾನಾ ಎಂಬ ಸ್ಥಳೀಯ ರೈಲಿನಲ್ಲಿ. ಸೊರ‍್ರೆಂತೊ ಕಡೆಗೆ ಹೋಗುವ ಗಾಡಿ ಹತ್ತಿ ‘ಪೊಂಪೇಯಿ ಸ್ಕಾವಿ–ವಿಲ್ಲಾ ದೇಯ್ ಮಿಸ್ತೇರಿ’ಯಲ್ಲಿ ಇಳಿಯಬೇಕು, ಸುಮಾರು 40 ನಿಮಿಷ. ಎಡವುವುದು ಇಲ್ಲೇ. ಅದೇ ಪ್ಲಾಟ್‌ಫಾರ್ಮಿಗೆ ಪೊಜ್ಜೊಮರೀನೊ ಕಡೆಯ ಗಾಡಿಯೂ ಬರುತ್ತದೆ, ಅದೂ ಪೊಂಪೇಯಿ ಹೆಸರಿನ ಇನ್ನೊಂದು ನಿಲ್ದಾಣಕ್ಕೆ ಹೋಗುತ್ತದೆ. ಅಲ್ಲಿ ಇಳಿದರೆ ಅವಶೇಷಗಳ ಮತ್ತೊಂದು ತುದಿ ಸೇರುತ್ತೀರಿ. ಆದ್ದರಿಂದ ‘ಸ್ಕಾವಿ’ ಎಂಬ ಪದ ಹುಡುಕಿ, ಅದಕ್ಕೆ ಉತ್ಖನನ ಎಂದರ್ಥ. ಗಾರಿಬಾಲ್ದಿಯಲ್ಲಿ ಹತ್ತಿದರೆ ನಿಂತೇ ಹೋಗಬೇಕು. ಹತ್ತು ನಿಮಿಷ ನಡೆದು ಗಾಡಿ ಹೊರಡುವ ಪೋರ್ತಾ ನೋಲಾನಾ ನಿಲ್ದಾಣಕ್ಕೇ ಹೋಗಿ, ಸೀಟು ಸಿಗುತ್ತದೆ. ಶೌಚಾಲಯ ಇರದ ರೈಲು, ಮಕ್ಕಳಿಗೆ ಮೊದಲೇ ಹೇಳಿಡಿ.

ನಿಲ್ದಾಣದಿಂದ ಹೊರಬಂದ ಕೂಡಲೇ ‘ಟಿಕೆಟ್ ಇಲ್ಲಿ’ ಎಂಬ ಫಲಕ ಹಾಕಿಕೊಂಡವರು ಕರೆಯುತ್ತಾರೆ. ಅವು ಖಾಸಗಿ ಪ್ರವಾಸಗಳ ಅಂಗಡಿಗಳು. ಮುಂದೆ ನಡೆದರೆ ಪೋರ್ತಾ ಮರೀನಾ ದ್ವಾರ ಹತ್ತಿರದಲ್ಲೇ. ಬೆಳಿಗ್ಗೆ ಒಂಬತ್ತಕ್ಕೆ ಅಲ್ಲಿರಿ. 30×30×15 ಸೆಂ.ಮೀ.ಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ.

ಮೊದಲು ಫೋರಂ ಎಂಬ ಊರಚೌಕ, ಆಮೇಲೆ ‘ವಿಯಾ ದೆಲ್ಲಬ್ಬೊಂದಾಂಜಾ’ ಎಂಬ ಪೇಟೆಬೀದಿ ಹಿಡಿದು ಪೂರ್ವಕ್ಕೆ, ಕೊನೆಗೆ ವರ್ತುಲ ರಂಗಮಂದಿರ. ಬಿಸಿಲೇರುವ ಮುನ್ನ ಈ ದೂರ ಮುಗಿಸಿ ಬೇರೆ ಬೀದಿಯಲ್ಲಿ ಹಿಂದಿರುಗಿ, ವೆತ್ತಿ ಸಹೋದರರ ಮನೆ ಮತ್ತು ಫಾನ್ ಮನೆ ನೋಡಿ. ವಿಲ್ಲಾ ದೇಯ್ ಮಿಸ್ತೇರಿ ಕೊನೆಗೆ, ಅಲ್ಲಿಂದಲೇ ಹೊರಬಿದ್ದು ನಿಲ್ದಾಣಕ್ಕೆ ನಡೆಯಬಹುದು. ನಾಲ್ಕೈದು ಗಂಟೆ ಬೇಕೇ ಬೇಕು. ಚಪ್ಪಲಿ ಬೇಡ. ಹಾಸುಗಲ್ಲುಗಳು ಉಬ್ಬುತಗ್ಗಾಗಿವೆ, ನಯವಾಗಿವೆ, ಪಾದ ಉಳುಕುವುದು ಇಲ್ಲಿ ಮಾಮೂಲು. ಮಗುವಿನ ತಳ್ಳುಗಾಡಿಯೂ ಓಡದು.

ನೀರಿನ ಬಾಟಲಿ ಒಯ್ಯಿರಿ. ಬೀದಿಮೂಲೆಗಳ ಕಲ್ಲಿನ ತೊಟ್ಟಿಗಳಿಗೆ ಈಗ ಕುಡಿಯುವ ನೀರಿನ ನಲ್ಲಿ ಕೂರಿಸಿದ್ದಾರೆ. ತುಂಬಿಸಿಕೊಳ್ಳುವಾಗ ಅಂಚಿನ ಕಲ್ಲು ನೋಡಿ. ನಲ್ಲಿಯ ಎರಡೂ ಪಕ್ಕ ಒಂದೊಂದು ಹಳ್ಳ ಬಿದ್ದಿದೆ. ಜ್ವಾಲಾಮುಖಿ ಸಿಡಿದ ಕ್ರಿ.ಶ. 79ಕ್ಕೆ ಮುಂಚಿನ ಜನ ಅಂಗೈ ಊರಿ ಬಗ್ಗಿ ಕುಡಿದು ಕುಡಿದು ಸವೆದ ಹಳ್ಳ ಅದು. ನೀವೂ ತಿಳಿಯದೆ ಅಲ್ಲೇ ಕೈ ಇಟ್ಟಿರುತ್ತೀರಿ. ಹಾಗೆಯೇ ಬೀದಿಗೆ ಮುಖ ಮಾಡಿದ ಕಟ್ಟೆಗಳಲ್ಲಿ ಹೂತಿಟ್ಟ ಮಣ್ಣಿನ ಹರವಿಗಳು ಕಂಡರೆ, ಅವು ಆಗಿನ ದರ್ಶಿನಿಗಳು, ತಿಂಡಿ ಕೊಂಡು ತಿಂದು ಹೊರಡುವ ಜಾಗ.

ನಾಲ್ಕೈದು ಗಂಟೆ ನಡೆಯಲಾಗದವರಿಗೆ ಇದೇ ರೈಲಿನಲ್ಲಿ 20 ನಿಮಿಷ ದೂರದ, ಅದೇ ಜ್ವಾಲಾಮುಖಿಗೆ ಸಿಕ್ಕಿ ಹೂತುಹೋದ ಎರ್ಕೊಲಾನೊ ಒಳ್ಳೆಯದು. ಊರು ಚಿಕ್ಕದು, ಸುಟ್ಟು ಕರಿಯಾದ ಮರದ ತೊಲೆ, ಬಾಗಿಲುಗಳು ಸಹಿತ ಉಳಿದಿದೆ, ಎರಡು ಗಂಟೆ ಸಾಕು. ವೆಸೂವಿಯಸ್ ಜ್ವಾಲಾಮುಖಿಯ ಬಾಯಿಗೆ ಹತ್ತುವವರು ಟಿಕೆಟನ್ನು ಮೊದಲೇ ಆನ್‌ಲೈನ್‌ನಲ್ಲಿ ತೆಗೆದು ಫೋನಿಗೆ ಇಳಿಸಿಟ್ಟಿರಿ. ಗುಡ್ಡದ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ.

ಊಟ, ಅದರಲ್ಲೂ ಸಸ್ಯಾಹಾರ

ಸಸ್ಯಾಹಾರಿಗಳಿಗೆ ಇಟಲಿಯಲ್ಲೇ ಅನುಕೂಲವಾದ ಊರುಗಳಲ್ಲಿ ಇದೊಂದು, ಆದರೆ ಕಣ್ಣಿಗೆ ಕಾಣದ ಹಂದಿಕೊಬ್ಬಿನ ಬಗ್ಗೆ ಗೊತ್ತಿರಬೇಕು. ಇಟಾಲಿಯನ್ನಿನಲ್ಲಿ ಅದು ‘ಸ್ತ್ರುತ್ತೊ’, ಊರ ಮಾತಿನಲ್ಲಿ ‘ಸುನ್ಯಾ’. ಬೀದಿಯಲ್ಲಿ ಸಿಗುವ ಮೆಣಸಿನ ‘ತರಾಲ್ಲಿ’, ಬಳೆಯಾಕಾರದ ನಮ್ಮ ಕೋಡುಬಳೆಯ ನೆನಪು ತರುತ್ತದೆ. ಅದರ ಹಿಟ್ಟಿಗೇ ಸುನ್ಯಾ ಬೀಳುತ್ತದೆ. ಪದರಪದರವಾದ ಸಿಹಿ ‘ಸ್ಫೊಲ್ಯಾತೆಲ್ಲಾ ರಿಚ್ಚಾ’ದಲ್ಲೂ ಅಷ್ಟೇ. ‘ಮಸ್ತುನಿಕೋಲಾ’ ಎಂಬ ಪಿಜ್ಜಾದ ಮೇಲೆ ಸವರುವುದೇ ಅದನ್ನು. ಕರಿದ ಪಿಜ್ಜಾ ಒಳಗೆ ಹಂದಿಯ ತುಣುಕು, ‘ಆರಂಚೀನಿ’ ಅನ್ನದ ಉಂಡೆಯೊಳಗೆ ಕೈಮಾ, ‘ಪಾಸ್ತಾ ಎ ಪತಾತೆ’ಯಲ್ಲಿ ಎಷ್ಟೋ ಸಲ ಹಂದಿಮಾಂಸದ ಒಗ್ಗರಣೆ.

ಧೈರ್ಯವಾಗಿ ತಿನ್ನಬಹುದಾದದ್ದು ‘ಮರಿನಾರಾ’ ಪಿಜ್ಜಾ. ಹೆಸರು ಕೇಳಿ ಮೀನೆಂದುಕೊಳ್ಳಬೇಡಿ. ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ ಇಷ್ಟೇ, ಚೀಸ್ ಕೂಡ ಇಲ್ಲ. ಕಟ್ಟುನಿಟ್ಟಿನವರಿಗೆ ಇದೇ ಸರಿ, ಏಕೆಂದರೆ ಎಮ್ಮೆ ಹಾಲಿನ ಮೊತ್ಸರೆಲ್ಲಾಕ್ಕೂ ಪಾರ್ಮೆಜಾನ್‌ಗೂ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅದರ ಚಿಂತೆಯಿಲ್ಲದವರಿಗೆ ಮಾರ್ಗರೀತಾ, ಬದನೆಕಾಯಿಯ ‘ಪಾರ್ಮಿಜಾನಾ’, ಆಲೂಗಡ್ಡೆಯ ‘ನ್ಯೋಕಿ ಅಲ್ಲಾ ಸೊರ‍್ರೆಂತೀನಾ’ ಇವೆ. ‘ಫ್ರಿಯಾರಿಯೆಲ್ಲಿ’ ಕೇಳಿ ನೋಡಿ. ಬೆಳ್ಳುಳ್ಳಿ, ಒಣಮೆಣಸಿನಲ್ಲಿ ಬಾಡಿಸಿದ ಸ್ವಲ್ಪ ಕಹಿಯ ಸೊಪ್ಪಿನ ಪಲ್ಯ, ನಮ್ಮ ನಾಲಿಗೆಗೆ ತಕ್ಷಣ ಒಗ್ಗುತ್ತದೆ. ಆದರೆ ಮೆನುವಿನಲ್ಲಿ ಅದರ ಪಕ್ಕ ‘ಸಾಲ್ಸಿಚ್ಚಾ’ ಎಂದಿದ್ದರೆ ಹಂದಿಯ ಸಾಸೇಜ್ ಜೊತೆಗಿದೆ. ಕರಿದ ತಿಂಡಿಯ ಅಂಗಡಿಗಳಲ್ಲಿ ಮೀನಿಗೂ ಅದೇ ಬಾಣಲೆ.

ಹೇಳಬೇಕಾದ ಮಾತು ಹೀಗೆ: ‘ಸೆನ್ಸಾ ಕಾರ್ನೆ, ಸೆನ್ಸಾ ಪೇಷೆ, ಸೆನ್ಸಾ ಸ್ತ್ರುತ್ತೊ’. ಮಾಂಸವಿಲ್ಲದೆ, ಮೀನಿಲ್ಲದೆ, ಹಂದಿಕೊಬ್ಬಿಲ್ಲದೆ. ಬರೀ ‘ವೆಜಿಟೇರಿಯನ್’ ಎಂದರೆ ಮಾಂಸದ ತುಂಡು ಇಲ್ಲ ಎಂದಷ್ಟೇ ಅವರು ತಿಳಿಯುವುದು.

ಇಲ್ಲಿನ ಪಿಜ್ಜಾ ಒಬ್ಬರಿಗೆ ಒಂದು. 430 ಡಿಗ್ರಿ ಮೀರಿದ ಸೌದೆ ಒಲೆಯಲ್ಲಿ ಒಂದು, ಒಂದೂವರೆ ನಿಮಿಷ ಬೇಯುತ್ತದೆ. ಅಂಚಿನಲ್ಲಿ ಕಪ್ಪು ಚುಕ್ಕೆ, ನಡುವೆ ತೆಳುವಾಗಿ ಒದ್ದೆ. ಅದು ಸೀದದ್ದೂ ಅಲ್ಲ, ಬೇಯದ್ದೂ ಅಲ್ಲ, ಅದರ ರೀತಿಯೇ ಹಾಗೆ. ಕತ್ತರಿಸದೆ ತರುತ್ತಾರೆ. ಫೋಟೊ ತೆಗೆಯುತ್ತ ಕೂತರೆ ಐದು ನಿಮಿಷದಲ್ಲಿ ರಬ್ಬರಿನಂತಾಗುತ್ತದೆ, ಬಂದ ಕೂಡಲೇ ನಡುವಿನಿಂದ ಶುರುಮಾಡಿ. ಹೆಸರಾಂತ ಅಂಗಡಿಗಳ ಮುಂದೆ ಬರೀ ಸಾಲಿನಲ್ಲಿ ನಿಂತರೆ ಸಾಲದು. ಬಾಗಿಲಲ್ಲಿರುವವರ ಬಳಿ ಹೆಸರು ಬರೆಸಬೇಕು. ಬರೆಸದೆ ಮುಕ್ಕಾಲು ಗಂಟೆ ನಿಂತವರುಂಟು. ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಏಳಕ್ಕೆ ಹೋದರೆ ಜನ ಕಡಿಮೆ. ಬಿಲ್ಲಿನಲ್ಲಿ ‘ಕೊಪೆರ್ತೊ’ ಎಂದು ತಲೆಗೆ ಒಂದೆರಡು ಯೂರೋ ಇರುತ್ತದೆ, ಅದು ಮೇಜಿನ ಶುಲ್ಕ.

ಕಾಫಿ ನಿಂತು ಕುಡಿಯಬೇಕು, ಕೂತರೆ ಬೆಲೆ ಏರುತ್ತದೆ. ಹಲವು ಕಡೆ ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತಂದು ಕಟ್ಟೆಯ ಮೇಲಿಡಬೇಕು. ಜೊತೆಗೆ ಬರುವ ಪುಟ್ಟ ಲೋಟದ ನೀರು ಕಾಫಿಗೆ ಮೊದಲು ಕುಡಿಯಲಿಕ್ಕೆ. ಬರುವುದು ಎರಡು ಗುಟುಕು, ನಮ್ಮ ಗಟ್ಟಿ ಡಿಕಾಕ್ಷನ್ನಿಗಿಂತ ಗಟ್ಟಿ. ಇನ್ನೊಬ್ಬರ ಲೆಕ್ಕದ ಕಾಫಿಗೂ ದುಡ್ಡು ಕೊಟ್ಟು ಹೋಗುವ ಪದ್ಧತಿ ಇಲ್ಲಿದೆ. ‘ಕಫೆ ಸೊಸ್ಪೇಸೊ’ ಎಂದು ಹೇಳಿ ಎರಡರ ಹಣ ಕೊಟ್ಟರೆ, ಕೈಯಲ್ಲಿ ಕಾಸಿಲ್ಲದೆ ಬಂದವರಿಗೆ ಆ ಒಂದು ಕಾಫಿ ಸಿಗುತ್ತದೆ. ತುಂಬ ಒಳ್ಳೆಯ ಪದ್ಧತಿ, ಸಾಧ್ಯವಾದರೆ ಮಾಡಿ.

ದ್ವೀಪಕ್ಕೆ ಒಂದು ದಿನ

ಕಾಪ್ರಿಗಿಂತ ಪ್ರೋಚಿದಾ ದ್ವೀಪಕ್ಕೆ ಹೋಗಿ. ಜನ ಕಡಿಮೆ, ಖರ್ಚು ಕಡಿಮೆ, ಮೀನುಗಾರರ ಕೊರಿಚೆಲ್ಲಾ ಬಂದರಿನ ಬಣ್ಣದ ಮನೆಗಳು ಕಣ್ಣು ತುಂಬುತ್ತವೆ. ವೇಗದ ದೋಣಿ ಮೋಲೊ ಬೆವೆರೆಲ್ಲೊ ಕಟ್ಟೆಯಿಂದ ಹೊರಡುತ್ತದೆ, ಸುಮಾರು 40 ನಿಮಿಷ. ಕಾರು ಹೊತ್ತೊಯ್ಯುವ ದೊಡ್ಡ ಹಡಗು ಹೊರಡುವುದು ಬೇರೆ ಕಟ್ಟೆಯಿಂದ, ಕಲಾತಾ ಪೋರ್ತಾ ದಿ ಮಾಸ್ಸಾದಿಂದ. ಟಿಕೆಟ್ ಒಂದರದ್ದು, ನಿಂತದ್ದು ಇನ್ನೊಂದರಲ್ಲಿ ಆಗದಿರಲಿ. ಹೊಟ್ಟೆ ತೊಳಸುವವರಿಗೆ ದೊಡ್ಡ ಹಡಗೇ ಒಳ್ಳೆಯದು. ಗಾಳಿ ಎದ್ದರೆ ಮೊದಲು ನಿಲ್ಲುವುದೂ ವೇಗದ ದೋಣಿಯೇ. ಇಳಿದ ಕೂಡಲೇ ಸಂಜೆಯ ಕೊನೆ ದೋಣಿಯ ಸಮಯ ಬರೆದಿಟ್ಟುಕೊಳ್ಳಿ. ಮರುದಿನ ವಿಮಾನ ಇದ್ದರೆ ದ್ವೀಪದ ದಿನವನ್ನು ಕೊನೆಗೆ ಇಡಬೇಡಿ.

ಮ್ಯೂಸಿಯಂ, ಮತ್ತು ಅಲ್ಲಿರುವ ನಮ್ಮ ದೇಶದ ದಂತದ ಗೊಂಬೆ

ಮ್ಯೂಸಿಯಂ ಪೊಂಪೇಯಿಯ ನಂತರವೇ ಆಗಲಿ. ಅಲ್ಲಿನ ಮನೆಗಳಿಂದ ಎತ್ತಿ ತಂದ ಚಿತ್ರ, ಮೊಸಾಯಿಕ್‌ಗಳೆಲ್ಲ ಇಲ್ಲಿವೆ. ಖಾಲಿ ಗೋಡೆ ನೋಡಿ ಬಂದವರಿಗೆ ಯಾವುದು ಎಲ್ಲಿತ್ತು ಎಂದು ಹೊಳೆಯುತ್ತದೆ. ಅದೇ ದಿನ ಸಾನ್‌ಸೆವೆರೊ ಚಾಪೆಲ್‌ಗೂ ಸಮಯ ಕಾದಿರಿಸಿ. 1753ರಲ್ಲಿ ಜುಸೆಪ್ಪೆ ಸಾನ್‌ಮಾರ್ತೀನೊ ಕಡೆದ, ತೆಳು ಬಟ್ಟೆ ಹೊದ್ದ ಯೇಸು ಅಲ್ಲಿದ್ದಾನೆ. ಬಟ್ಟೆಯೂ ಅದೇ ಅಮೃತಶಿಲೆ. ಫೋಟೊ ತೆಗೆಯುವಂತಿಲ್ಲ.

ಭಾರತದಿಂದ ಹೋದವರು ಮ್ಯೂಸಿಯಂನಲ್ಲಿ ತಪ್ಪದೆ ಹುಡುಕಬೇಕಾದದ್ದು ಒಂದು ಗೇಣಿಗಿಂತ ಸ್ವಲ್ಪ ಎತ್ತರದ ದಂತದ ಹೆಣ್ಣು. 1938ರಲ್ಲಿ ಪೊಂಪೇಯಿಯ ಆ ಪೇಟೆಬೀದಿಯ ಮನೆಯೊಂದರಲ್ಲಿ ಸಿಕ್ಕಿತು. ಭಾರತದಲ್ಲಿ ಕೆತ್ತಿ, ಸಮುದ್ರದ ವ್ಯಾಪಾರದಲ್ಲಿ ಇಲ್ಲಿಗೆ ಬಂದು, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿತ್ತು. ಮೊದಲು ಲಕ್ಷ್ಮಿ ಎಂದರು, ಯಕ್ಷಿ ಎನ್ನುವ ವಿದ್ವಾಂಸರೂ ಇದ್ದಾರೆ. ಮೊಣಕೈವರೆಗೆ ಬಳೆ, ಕಾಲ್ಗಡಗ, ಸೊಂಟಪಟ್ಟಿ, ಎರಡು ಬದಿಯಲ್ಲಿ ಇಬ್ಬರು ಪುಟ್ಟ ಸೇವಕಿಯರು. ನೆತ್ತಿಯಲ್ಲೊಂದು ತೂತಿದೆ, ಬಹುಶಃ ಕನ್ನಡಿಯ ಹಿಡಿಯೋ ಪೀಠೋಪಕರಣದ ಭಾಗವೋ ಆಗಿತ್ತು. ಕನ್ನಡಿಗರಿಗೆ ಈ ಊರಿನ ಇನ್ನೊಂದು ನಂಟೂ ಇದೆ: 1623ರಲ್ಲಿ ಇಕ್ಕೇರಿಗೆ ಬಂದು ಕೆಳದಿಯ ವೆಂಕಟಪ್ಪ ನಾಯಕನ ದರ್ಬಾರು ಕಂಡ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ತನ್ನ ಪತ್ರಗಳನ್ನು ಬರೆದದ್ದು ನೇಪಲ್ಸ್‌ನ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊನಿಗೆ.

ದಂತದ ಗೊಂಬೆ ಇರುವುದು ‘ಗಬಿನೆತ್ತೊ ಸೆಗ್ರೇತೊ’ ಎಂಬ ಕೋಣೆಯಲ್ಲಿ. ಪೊಂಪೇಯಿಯ ಶೃಂಗಾರ ಚಿತ್ರ, ಶಿಲ್ಪಗಳನ್ನೆಲ್ಲ ಒಟ್ಟುಮಾಡಿಟ್ಟ ಕೋಣೆ ಅದು, ಮಕ್ಕಳ ಜೊತೆ ಹೋಗುವವರು ಇದನ್ನು ಮೊದಲೇ ತಿಳಿದಿರಲಿ. ಸಿಬ್ಬಂದಿ ಕಡಿಮೆಯಿದ್ದ ದಿನ ಕೆಲವು ಕೋಣೆಗಳಿಗೆ ಬೀಗ ಬೀಳುವುದುಂಟು. ಟಿಕೆಟ್ ಕೊಳ್ಳುವ ಮುಂಚೆ ಕೌಂಟರಿನಲ್ಲಿ ‘ಗಬಿನೆತ್ತೊ ಸೆಗ್ರೇತೊ ಅಪೆರ್ತೊ?’ ಎಂದು ಕೇಳಿ. ಇಲ್ಲವೆಂದರೆ ಯಾವ ಹೊತ್ತಿಗೆ ತೆರೆಯುತ್ತಾರೆಂದು ಕೇಳಿಕೊಂಡು, ಆ ಹೊತ್ತಿಗೆ ಬನ್ನಿ.